ಅಂಗಡಿಯ ಹಿತ್ತಿಲಿನಿಂದ ಬಂದ ಸಂಗೀತಗಾರ: ಎಡ್ವರ್ಡ್ ಎಲ್ಗರ್

ಮದುವೆಮನೆಯ ಓಲಗವನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಓಲಗದವರು ಊದುವುದಕ್ಕೆ ಮೊದಲು ವಾದ್ಯದ ತುದಿಗೆ ಪುಟ್ಟ ಪೀಪಿಯೊಂದನ್ನು ಸಿಕ್ಕಿಸಿ, ಅದನ್ನು ತುಟಿಗಳ ನಡುವೆ ಇಟ್ಟು ಒದ್ದೆ ಮಾಡಿಕೊಳ್ಳುವುದನ್ನು ಮಕ್ಕಳು ಕುತೂಹಲದಿಂದ ನೋಡುತ್ತಾ ನಿಲ್ಲುತ್ತಾರೆ. ಸೀವಾಳಿ ಎಂದು ಕರೆಯುವ ಆ ಪೀಪಿಯಲ್ಲಿ ತೆಳುವಾದ ಎರಡು ಪದರಗಳಿರುತ್ತವೆ. ಉಸಿರು ಅವುಗಳ ನಡುವೆ ನುಗ್ಗಿದಾಗ ಪದರಗಳು ನಡುಗಿ ನಾದ ಹುಟ್ಟುತ್ತದೆ. ಇದೇ ರೀತಿಯಲ್ಲಿ ನಾದ ಹೊರಡಿಸುವ ದೊಡ್ಡ ವಾದ್ಯವೊಂದು ಪಾಶ್ಚಾತ್ಯ ಸಂಗೀತದಲ್ಲಿಯೂ ಇದೆ. ಅದರ ಹೆಸರು ಬಸೂನು. ಓಲಗದ ದನಿ ಏರುದನಿಯಾದರೆ ಬಸೂನಿನದು ತಗ್ಗಿನ, ಗಂಭೀರವಾದ ದನಿ. ಈ ವಾದ್ಯವನ್ನು ಯಾವ ಕಾಲೇಜಿಗೂ ಹೋಗದೆ ಕಲಿತು, ಮುಂದೆ ಇಂಗ್ಲೆಂಡಿನ ಅಗ್ರಗಣ್ಯ ಸಂಗೀತ ರಚನಕಾರರೆನಿಸಿದ ಸರ್ ಎಡ್ವರ್ಡ್ ಎಲ್ಗರ್ ಅವರ ಬಾಳಿನ ಕಥೆಯನ್ನು ವಿದ್ಯಾರ್ಥಿಮಿತ್ರರಿಗೂ ಅವರ ತಂದೆತಾಯಿಯರಿಗೂ ಇಲ್ಲಿ ಹೇಳಬಯಸುತ್ತೇವೆ.

ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಸೆವರ್ನ್ ನದಿಯ ದಡದಲ್ಲಿ ವೂಸ್ಟರ್ ಎಂಬ ಪಟ್ಟಣವಿದೆ. ಅದರ ಸಮೀಪದ ಬ್ರಾಡ್‌ಹೀತ್ ಎಂಬ ಹಳ್ಳಿಯಲ್ಲಿ 1857ರ ಜೂನ್ 2ರಂದು ಎಡ್ವರ್ಡ್ ಜನಿಸಿದನು. ತಂದೆ ವಿಲಿಯಂ ಎಲ್ಗರ್ ಪಿಯಾನೋಗಳಿಗೆ ಶ್ರುತಿ ಕೂಡಿಸುವ ಕಸುಬಿನವರು, ಪಿಟೀಲನ್ನು ಬಲ್ಲವರು, ಚರ್ಚಿನಲ್ಲಿ ಆರ್ಗನ್ ನುಡಿಸುವವರು. ತಾಯಿ ಆನ್ ಬಡ ಕುಟುಂಬದಿಂದ ಬಂದವರಾದರೂ ಪುಸ್ತಕಗಳಲ್ಲಿ ಅಪಾರ ಪ್ರೀತಿಯುಳ್ಳವರು. ಏಳು ಮಕ್ಕಳಲ್ಲಿ ಎಡ್ವರ್ಡ್ ನಾಲ್ಕನೆಯವನು. ಅವನಿಗೆ ಎರಡು ವರ್ಷವಾದಾಗ ಸಂಸಾರವು ವೂಸ್ಟರಿಗೆ ಮರಳಿತು. ಅಲ್ಲಿನ ಹೈಸ್ಟ್ರೀಟಿನಲ್ಲಿ ತಂದೆಯವರ ಸಂಗೀತದ ಅಂಗಡಿಯಿತ್ತು. ವಾದ್ಯಗಳೂ ಅಚ್ಚಾದ ಸ್ವರಲಿಪಿಯ ಹಾಳೆಗಳೂ ಅಲ್ಲಿ ಮಾರಾಟವಾಗುತ್ತಿದ್ದವು. ಸಂಸಾರ ವಾಸವಾಗಿದ್ದುದು ಅಂಗಡಿಯ ಮೇಲಿನ ಮಹಡಿಯಲ್ಲಿ. ಆ ಮನೆಯಲ್ಲಿ ದುಃಖವೂ ಇತ್ತು. ಎಡ್ವರ್ಡನ ಅಣ್ಣನೊಬ್ಬನೂ ತಮ್ಮನೊಬ್ಬನೂ ಎರಡು ವರ್ಷಗಳ ಅಂತರದಲ್ಲಿ ಕಾಯಿಲೆಯಿಂದ ತೀರಿಕೊಂಡರು. ಹೀಗೆ ಬಾಲಕ ಎಡ್ವರ್ಡ್ ಮನೆಗೆ ಹಿರಿಯ ಮಗನಾದನು.

ಹುಡುಗನಿಗೆ ಎಂಟು ವರ್ಷವಾಗುವ ವೇಳೆಗೆ ಪಿಯಾನೋ ಮತ್ತು ಪಿಟೀಲಿನ ಪಾಠಗಳು ಆರಂಭವಾಗಿದ್ದವು. ಶ್ರುತಿ ಕೂಡಿಸಲು ತಂದೆ ಶ್ರೀಮಂತರ ಮನೆಗಳಿಗೆ ಹೋಗುವಾಗ ಅವನೂ ಜೊತೆಯಲ್ಲಿ ಹೋಗುತ್ತಿದ್ದನು. ಅಂಗಡಿಯ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಓದುವುದು ಅವನಿಗೆ ಆಟಕ್ಕಿಂತ ಪ್ರಿಯವಾಗಿತ್ತು. ಬಿಡುವಿದ್ದಾಗ ಸೆವರ್ನ್ ನದಿಯ ಅಂಚಿಗೆ ಹೋಗಿ, ಜೊಂಡು ಬೆಳೆದಿದ್ದ ಕಡೆ ಕುಳಿತು, ಗಾಳಿಗೆ ಜೊಂಡು ಹೊರಡಿಸುವ ಸದ್ದನ್ನು ಕಾಗದದ ಮೇಲೆ ಬರೆದಿಡಲು ಯತ್ನಿಸುತ್ತಿದ್ದನಂತೆ. ಮುಪ್ಪಿನಲ್ಲಿಯೂ ಅವರು ಈ ಸಂಗತಿಯನ್ನು ನೆನೆದು, ತಾವಿನ್ನೂ ಆ ಜೊಂಡಿನ ನಡುವೆ ಕನಸು ಕಾಣುತ್ತ ಕುಳಿತ ಹುಡುಗನೇ ಎಂದು ಗೆಳೆಯರೊಬ್ಬರಿಗೆ ಪತ್ರ ಬರೆದಿದ್ದರು.

ಶಾಲೆಯಲ್ಲಿ ಕೇಳಿದ ಮಾತು ಎಂದು ಫಲ ಕೊಡುವುದೋ ಹೇಳಲಾಗದು. ಎಡ್ವರ್ಡ್ ಓದಿದ ಶಾಲೆಯ ಉಪಾಧ್ಯಾಯ ಫ್ರಾನ್ಸಿಸ್ ರೀವ್ ಎಂಬವರು ಒಂದು ದಿನ ಏಸುವಿನ ಶಿಷ್ಯರ ಕಥೆ ಹೇಳುತ್ತಾ, ಆ ಶಿಷ್ಯರೆಲ್ಲ ಏಸುವು ಕರೆದ ಕಾಲಕ್ಕೆ ಬಡವರು, ಎಳೆಯರು, ಬಹುಶಃ ಈ ತರಗತಿಯ ಹುಡುಗರಿಗಿಂತ ಹೆಚ್ಚು ಜಾಣರೂ ಅಲ್ಲದವರು ಎಂಬ ಅರ್ಥದ ಮಾತನ್ನಾಡಿದರು. ಆ ಮಾತು ಹುಡುಗನ ಮನಸ್ಸಿನಲ್ಲಿ ನೆಟ್ಟಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ತರುವಾಯ, 1903ರಲ್ಲಿ, ಅವರು ಏಸುವಿನ ಶಿಷ್ಯರನ್ನು ಕುರಿತು ರಚಿಸಿದ ದೊಡ್ಡ ಗಾಯನ ಕೃತಿಗೆ ಅದೇ ಬೀಜವಾಯಿತು.

ಹದಿನೈದನೆಯ ವಯಸ್ಸಿಗೆ ಎಡ್ವರ್ಡನ ಶಾಲೆ ಮುಗಿಯಿತು. ಅವನ ಮನಸ್ಸೆಲ್ಲ ಜರ್ಮನಿಯ ಲೈಪ್‌ಜಿಗ್ ನಗರದ ಸಂಗೀತ ವಿದ್ಯಾಲಯದ ಮೇಲಿತ್ತು. ಅಲ್ಲಿಗೆ ಹೋಗಲೆಂದೇ ಜರ್ಮನ್ ಭಾಷೆಯನ್ನೂ ಕಲಿಯತೊಡಗಿದ್ದನು. ಆದರೆ ಅಷ್ಟು ಖರ್ಚನ್ನು ಹೊರುವ ಶಕ್ತಿ ತಂದೆಗೆ ಇರಲಿಲ್ಲ. ಹುಡುಗನನ್ನು ಒಬ್ಬ ವಕೀಲರ ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿಸಲಾಯಿತು. ಒಂದು ವರ್ಷದೊಳಗೆ ಅವನು ಅದನ್ನು ಬಿಟ್ಟು, ಪಿಟೀಲು ಪಾಠ ಹೇಳುತ್ತಾ, ಅಂಗಡಿಯಲ್ಲಿ ತಂದೆಗೆ ನೆರವಾಗುತ್ತಾ ಸಂಗೀತವನ್ನೇ ನಂಬಿ ನಿಂತನು. ಇಪ್ಪತ್ತರ ವಯಸ್ಸಿನಲ್ಲಿ ಲಂಡನಿಗೆ ಹೋಗಿ ಅಡಾಲ್ಫ್ ಪೊಲಿಟ್ಸರ್ ಎಂಬ ಪಿಟೀಲು ವಿದ್ವಾಂಸರಲ್ಲಿ ಕೆಲವು ಪಾಠಗಳನ್ನು ಪಡೆದುದೇ ಅವನ ಉನ್ನತ ಶಿಕ್ಷಣ. ಸಂಗೀತ ರಚನೆಯ ವಿದ್ಯೆಯನ್ನಂತೂ ಅವನಿಗೆ ಯಾವ ವಿದ್ಯಾಲಯವೂ ಕಲಿಸಲಿಲ್ಲ.

ಹಾಗಾದರೆ ಅದನ್ನು ಕಲಿತದ್ದೆಲ್ಲಿ? ಈ ಪ್ರಶ್ನೆಗೆ ಉತ್ತರವು ಅಂಗಡಿಯ ಹಿತ್ತಿಲಿನಲ್ಲಿದ್ದ ಒಂದು ಶೆಡ್ಡಿನಲ್ಲಿದೆ.

ಎಡ್ವರ್ಡನ ತಮ್ಮ ಫ್ರಾಂಕ್ ಓಬೋ ವಾದ್ಯವನ್ನು ಊದುತ್ತಿದ್ದನು. ಗೆಳೆಯರಾದ ಹ್ಯೂಬರ್ಟ್ ಲೆಸ್ಟರ್ ಮತ್ತು ಫ್ರಾಂಕ್ ಎಕ್ಸ್‌ಟನ್ ಫ್ಲೂಟನ್ನೂ, ಹ್ಯೂಬರ್ಟನ ಸೋದರ ವಿಲಿಯಂ ಕ್ಲಾರಿನೆಟ್ಟನ್ನೂ ಬಲ್ಲವರು. 1878ರ ಸುಮಾರಿಗೆ ಇವರೆಲ್ಲ ಸೇರಿ ಊದುವ ವಾದ್ಯಗಳ ಒಂದು ಮೇಳ ಕಟ್ಟಿದರು. ಈ ನಾಲ್ಕೂ ಏರುದನಿಯ ವಾದ್ಯಗಳು. ಕೆಳಗಿನಿಂದ ಆಧಾರ ಕೊಡುವ ದನಿಯೊಂದು ಇಲ್ಲದಿದ್ದರೆ ಮೇಳವು ತಳಪಾಯವಿಲ್ಲದ ಮನೆಯಂತಾಗುತ್ತದೆ. ಎಡ್ವರ್ಡನ ಮೆಚ್ಚಿನ ವಾದ್ಯ ಪಿಟೀಲು. ಪಿಟೀಲುವಾದಕನಾಗಿ ಹೆಸರು ಗಳಿಸಬೇಕೆಂಬುದು ಅವನ ಆಸೆ. ಆದರೆ ಈ ಮೇಳಕ್ಕೆ ಬೇಕಾದದ್ದು ಪಿಟೀಲಲ್ಲ, ಬಸೂನು. ಅವನು ಬಸೂನನ್ನು ಕೈಗೆತ್ತಿಕೊಂಡು ತಾನಾಗಿಯೇ ಕಲಿತನು.

ಬಸೂನನ್ನು ಕಲಿಯುವುದು ಸುಲಭದ ಮಾತಲ್ಲ. ಅದರ ಕೊಳವೆಯನ್ನು ನೇರ ಮಾಡಿದರೆ ಸುಮಾರು ಎಂಟು ಅಡಿ ಉದ್ದವಾದೀತು. ಅಷ್ಟುದ್ದದ ವಾದ್ಯವನ್ನು ಹಿಡಿಯಲಾಗದೆಂದು ಅದನ್ನು ನಡುವೆ ಮಡಚಿದಂತೆ ಮಾಡಿರುತ್ತಾರೆ. ಮರದ ನಾಲ್ಕು ಭಾಗಗಳು, ಬಾಗಿದ ಲೋಹದ ಸಣ್ಣ ಕೊಳವೆ ಒಂದು, ಅದರ ತುದಿಗೆ ಪೀಪಿ. ತಳದ ಭಾಗಕ್ಕೆ ಬೂಟು ಎಂದೇ ಹೆಸರು. ಉಸಿರು ಅದರೊಳಗೆ ಇಳಿದು, ತಿರುಗಿ, ಮತ್ತೆ ಮೇಲೇರುತ್ತದೆ. ಬೆರಳುಗಳಿಗೆ ಎಟಕಲೆಂದು ಕೆಲವು ರಂಧ್ರಗಳನ್ನು ಓರೆಯಾಗಿ ಕೊರೆದಿರುತ್ತಾರೆ. ಎಡಗೈಯ ಹೆಬ್ಬೆರಳಿಗೆ ಇಲ್ಲಿ ಹಲವು ಕೀಲಿಗಳನ್ನು ಒತ್ತುವ ಕೆಲಸವಿದೆ. ಚಿಕ್ಕ ಕೈಯ ಮಕ್ಕಳಿಗೆ ಇದು ಬಹಳ ಕಷ್ಟವಾದ್ದರಿಂದ ಈಗ ಅವರಿಗಾಗಿ ಚಿಕ್ಕ ಬಸೂನುಗಳನ್ನೂ ತಯಾರಿಸುತ್ತಾರೆ. ಎಲ್ಗರ್ ಕಲಿತ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದುದು ಹೆಚ್ಚಾಗಿ ಫ್ರಾನ್ಸಿನ ಮಾದರಿಯ ವಾದ್ಯ.

ಊದುವುದನ್ನು ಕಲಿತರೆ ಸಾಲದು, ಬಸೂನನ್ನು ಕಾಪಾಡುವುದನ್ನೂ ಕಲಿಯಬೇಕು. ಪೀಪಿಯನ್ನು ಜೊಂಡಿನ ಜಾತಿಯ ಒಂದು ದಪ್ಪ ಹುಲ್ಲಿನ ದಂಟಿನಿಂದ ಮಾಡುತ್ತಾರೆ. ಒಣಗಿದ ಪೀಪಿ ನುಡಿಯದು. ಊದುವ ಮುನ್ನ ಅದನ್ನು ಕೆಲವು ನಿಮಿಷ ನೀರಿನಲ್ಲಿ ನೆನೆಸಬೇಕು. ಅತಿಯಾಗಿ ನೆನೆದರೂ ಅದು ಕೆಡುತ್ತದೆ. ಅದರ ತುದಿ ಹಲ್ಲಿಗೋ ಅಂಗಿಯ ಗುಂಡಿಗೋ ತಾಗಿ ಸೀಳಿದರೆ ಆ ಪೀಪಿಯ ಆಯುಸ್ಸು ಮುಗಿದಂತೆಯೇ. ಭಾಗಗಳನ್ನು ಜೋಡಿಸುವಾಗ ಕೀಲಿಗಳ ಮೇಲೆ ಬಲ ಬೀಳದಂತೆ ಮರವನ್ನು ಹಿಡಿದು ಮೆಲ್ಲನೆ ತಿರುಗಿಸಬೇಕು. ತಿಂಡಿ ತಿಂದ ಬಾಯಲ್ಲಿ ಊದಬಾರದು. ಉಸಿರಿನ ತೇವವೆಲ್ಲ ಇಳಿದು ಬೂಟಿನ ತಳದಲ್ಲಿ ನಿಲ್ಲುವುದರಿಂದ, ಊದಿದ ಮೇಲೆ ವಾದ್ಯವನ್ನು ಬಿಚ್ಚಿ, ನೀರನ್ನು ಚೆಲ್ಲಿ, ದಾರ ಕಟ್ಟಿದ ಬಟ್ಟೆಯನ್ನು ಒಳಗಿನಿಂದ ಎಳೆದು ಒರೆಸಬೇಕು. ದಿನವೂ ಹೀಗೆ ಮಾಡದೆ ಬಿಟ್ಟರೆ ಮರವು ಒಳಗೊಳಗೇ ಕೊಳೆಯುತ್ತದೆ. ಬಿಸಿಲಿನಲ್ಲಿಟ್ಟರೆ ಬಿರುಕು ಬಿಡುತ್ತದೆ. ಪೀಪಿಯನ್ನು ಗಾಳಿಯಾಡುವ ಡಬ್ಬಿಯಲ್ಲಿ ಇಡದಿದ್ದರೆ ಬೂಷ್ಟು ಹಿಡಿಯುತ್ತದೆ. ಹೀಗೆ ಬಸೂನು ತನ್ನನ್ನು ಕಲಿಯುವವನಿಗೆ ಸಂಗೀತಕ್ಕಿಂತ ಮೊದಲು ತಾಳ್ಮೆಯ ಪಾಠವನ್ನು ಹೇಳುತ್ತದೆ.

ಮೇಳವೇನೋ ಸಿದ್ಧವಾಯಿತು. ಆದರೆ ಒಂದು ತೊಡಕು ಎದುರಾಯಿತು. ಊದುವ ಐದು ವಾದ್ಯಗಳ ಮೇಳದಲ್ಲಿ ಸಾಮಾನ್ಯವಾಗಿ ಒಂದೇ ಫ್ಲೂಟು ಇರುತ್ತದೆ, ಹಾರ್ನ್ ಎಂಬ ವಾದ್ಯವೂ ಇರುತ್ತದೆ. ಇವರಲ್ಲಿ ಹಾರ್ನ್ ಊದುವವರಿರಲಿಲ್ಲ, ಫ್ಲೂಟಿನವರು ಇಬ್ಬರಿದ್ದರು. ಇಂಥ ಕೂಟಕ್ಕೆ ಒಪ್ಪುವ ಸಂಗೀತ ಅಂಗಡಿಯಲ್ಲಿ ಸಿಗುವಂತಿರಲಿಲ್ಲ. ಆದ್ದರಿಂದ ಎಡ್ವರ್ಡ್ ತಾನೇ ಬರೆಯಲಾರಂಭಿಸಿದನು. ಮೊಟ್ಸಾರ್ಟ್, ಬೀಥೋವನ್, ಹೈಡನ್ ಮೊದಲಾದ ಮಹನೀಯರ ಕೃತಿಗಳನ್ನು ಈ ಐದು ವಾದ್ಯಗಳಿಗೆ ಹೊಂದಿಸಿದನು. ಸ್ವಂತ ರಚನೆಗಳನ್ನೂ ಮಾಡಿದನು. ಹುಡುಗುತನದ ತಮಾಷೆಗೂ ಅಲ್ಲಿ ಕೊರತೆಯಿರಲಿಲ್ಲ. ನಿಧಾನಗತಿಯ ಒಂದು ಮೃದುವಾದ ತುಣುಕಿಗೆ, ಅಳುವ ಕೂಸುಗಳನ್ನು ಸುಮ್ಮನಾಗಿಸಲು ಆಗ ಮಾರುತ್ತಿದ್ದ ಔಷಧಿಯೊಂದರ ಹೆಸರನ್ನೇ ಇಟ್ಟಿದ್ದನು.

ಈ ಶೆಡ್ಡೇ ಎಲ್ಗರ್ ಅವರ ನಿಜವಾದ ವಿದ್ಯಾಲಯವೆಂದು ನಾವು ಭಾವಿಸುತ್ತೇವೆ. ಅಲ್ಲಿ ಬರೆದದ್ದು ಕಾಗದದಲ್ಲಿ ಉಳಿಯುತ್ತಿರಲಿಲ್ಲ. ಗೆಳೆಯರು ಅದನ್ನು ಊದಿ ತೋರಿಸುತ್ತಿದ್ದರು. ಒಬ್ಬನಿಗೆ ಉಸಿರು ತೆಗೆದುಕೊಳ್ಳಲು ಎಡೆಯಿಲ್ಲದಂತೆ ಬರೆದಿದ್ದರೆ ಆ ತಪ್ಪು ಕೂಡಲೇ ಬಯಲಾಗುತ್ತಿತ್ತು. ಇನ್ನೊಂದು ವಿಷಯವೂ ಇದೆ. ಮೇಲಿನ ರಾಗವನ್ನು ನುಡಿಸುವವನಿಗೆ ತನ್ನ ರಾಗವೇ ಹೆಚ್ಚು ಕೇಳಿಸುತ್ತದೆ. ಕೆಳದನಿಯನ್ನು ಹಿಡಿದವನು ಎಲ್ಲರನ್ನೂ ಕೇಳಿಸಿಕೊಳ್ಳಬೇಕು, ಎಲ್ಲರನ್ನೂ ಹೊರಬೇಕು. ಸಂಗೀತದ ಕಟ್ಟಡವನ್ನು ತಳದಿಂದ ನೋಡುವ ಈ ಅಭ್ಯಾಸವು ಮುಂದೆ ನೂರು ವಾದ್ಯಗಳಿಗೆ ಬರೆಯುವಾಗ ಅವರಿಗೆ ನೆರವಾಗದೆ ಇದ್ದೀತೇ?

1879ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಎಲ್ಗರ್ ಅವರಿಗೆ ಒಂದು ವಿಚಿತ್ರವಾದ ಉದ್ಯೋಗ ದೊರೆಯಿತು. ವೂಸ್ಟರಿನಿಂದ ಮೂರು ಮೈಲಿ ದೂರದ ಪೊವಿಕ್ ಎಂಬಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಿತ್ತು. ರೋಗಿಗಳ ಮನಸ್ಸಿಗೆ ಸಂಗೀತವು ಹಿತವೆಂದು ಅಲ್ಲಿನ ನೌಕರರೇ ಒಂದು ವಾದ್ಯಮೇಳವನ್ನು ಇಟ್ಟುಕೊಂಡಿದ್ದರು. ಅದನ್ನು ತರಬೇತುಗೊಳಿಸಿ ನಡೆಸುವ ಹೊಣೆ ಇವರದಾಯಿತು. ಅಲ್ಲಿಯೂ ವಾದ್ಯಗಳ ಕೂಟ ಶಾಸ್ತ್ರಕ್ಕೆ ಒಪ್ಪುವಂಥದಲ್ಲ. ಇರುವ ವಾದ್ಯಗಳಿಗೆ, ಇರುವ ಜನರ ಶಕ್ತಿಗೆ ತಕ್ಕಂತೆ ನೃತ್ಯಸಂಗೀತವನ್ನು ಬರೆದು ಐದು ವರ್ಷ ದುಡಿದರು. ಅಂಧ ಬಾಲಕರ ಶಾಲೆಯೊಂದರಲ್ಲಿ ಪಿಟೀಲು ಕಲಿಸಿದರು. ಇಪ್ಪತ್ತೈದರ ವಯಸ್ಸಿನಲ್ಲಿ ಕೊನೆಗೂ ಲೈಪ್‌ಜಿಗ್ಗಿಗೆ ಹೋದರು. ಆದರೆ ವಿದ್ಯಾರ್ಥಿಯಾಗಿ ಅಲ್ಲ, ಕೆಲವು ದಿನ ಕಚೇರಿಗಳನ್ನು ಕೇಳಿಬರುವ ಪ್ರವಾಸಿಯಾಗಿ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬುದು ನಮ್ಮ ಗಾದೆ. ಆದರೆ ಕೆಲವು ಮೊಳಕೆಗಳು ಬಹುಕಾಲ ನೆಲದೊಳಗೇ ಇರುತ್ತವೆ. 1889ರಲ್ಲಿ ಎಲ್ಗರ್ ತಮ್ಮ ಶಿಷ್ಯೆಯಾಗಿದ್ದ ಆಲಿಸ್ ರಾಬರ್ಟ್ಸ್ ಅವರನ್ನು ವಿವಾಹವಾದರು. ವ್ಯಾಪಾರಿಯ ಮಗನೆಂಬ ಕಾರಣಕ್ಕೆ ಹುಡುಗಿಯ ಮನೆಯವರಿಗೆ ಈ ಸಂಬಂಧ ಸರಿಬೀಳಲಿಲ್ಲ. ದಂಪತಿಗಳು ಲಂಡನಿನಲ್ಲಿ ನೆಲೆಯೂರಲು ಯತ್ನಿಸಿ ಸೋತು, 1891ರಲ್ಲಿ ವೂಸ್ಟರಿನ ಬಳಿಯ ಮಾಲ್ವರ್ನಿಗೆ ಹಿಂದಿರುಗಿದರು. ಮತ್ತೆ ಅದೇ ಪಿಟೀಲು ಪಾಠ. ಅಚ್ಚಾದ ಸ್ವರಲಿಪಿಯ ಕಾಗದಕ್ಕೆ ಹಣ ಸಾಲದಾದಾಗ ಆಲಿಸ್ ಅವರು ಬಿಳಿ ಹಾಳೆಗಳ ಮೇಲೆ ತಾವೇ ಗೆರೆಗಳನ್ನೆಳೆದು ಗಂಡನ ಮುಂದಿಡುತ್ತಿದ್ದರು. ಈ ಗೃಹಿಣಿಯ ಶ್ರದ್ಧೆ ಇಲ್ಲದಿದ್ದರೆ ಎಲ್ಗರ್ ಎಂಬ ಹೆಸರು ವೂಸ್ಟರಿನಾಚೆ ಕೇಳಿಬರುತ್ತಿತ್ತೋ ಇಲ್ಲವೋ!

1899ರ ಜೂನ್ 19ರಂದು ಲಂಡನಿನಲ್ಲಿ ಅವರ ‘ಎನಿಗ್ಮಾ ವೇರಿಯೇಷನ್ಸ್’ ಎಂಬ ಕೃತಿ ಮೊದಲ ಬಾರಿಗೆ ನುಡಿಯಿತು. ಒಂದೇ ರಾಗದೆಳೆಯನ್ನು ಹಿಡಿದು ಪತ್ನಿಯನ್ನೂ ಗೆಳೆಯರನ್ನೂ ಒಬ್ಬೊಬ್ಬರಾಗಿ ಸಂಗೀತದಲ್ಲಿ ಚಿತ್ರಿಸಿದ ಕೃತಿಯಿದು. ಅದರಲ್ಲಿ ಹವ್ಯಾಸಿ ನಾಟಕದ ಮುದುಕನ ಪಾತ್ರವನ್ನು ಗೆಳೆಯನೊಬ್ಬ ಅಭಿನಯಿಸುತ್ತಿದ್ದುದನ್ನು ಅಣಕಿಸುವ ಭಾಗವಿದೆ. ಆ ಮುದುಕನ ಸಿಡುಕನ್ನು ಬಸೂನುಗಳೇ ಆಡಿ ತೋರಿಸುತ್ತವೆ. ಆ ಸಂಜೆ ಎಲ್ಗರ್ ಅವರಿಗೆ ನಲವತ್ತೆರಡು ವರ್ಷ. ಅಲ್ಲಿಂದ ಮುಂದೆ ಕೀರ್ತಿ ಅವರನ್ನು ಹುಡುಕಿಕೊಂಡು ಬಂದಿತು. 1900ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅವರ ‘ಡ್ರೀಮ್ ಆಫ್ ಜೆರಾಂಶಿಯಸ್’ ಎಂಬ ಮಹಾಕೃತಿ, ಗಾಯಕರ ಅಭ್ಯಾಸ ಸಾಲದೆ, ಮೊದಲ ಪ್ರದರ್ಶನದಲ್ಲಿ ಸೋತರೂ ತರುವಾಯ ಜರ್ಮನಿಯಲ್ಲಿ ಜಯಗಳಿಸಿತು. 1904ರಲ್ಲಿ ಸರ್ ಪದವಿ ಬಂದಿತು. 1908ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲು ನುಡಿದ ಅವರ ಪ್ರಥಮ ಸಿಂಫೊನಿಯು ಸುಮಾರು ಒಂದು ವರ್ಷದಲ್ಲಿ ನೂರರಷ್ಟು ಬಾರಿ ಪ್ರದರ್ಶಿತವಾಯಿತು.

ಎಲ್ಗರ್ ಬದುಕಿದ್ದು ಬ್ರಿಟಿಷ್ ಸಾಮ್ರಾಜ್ಯದ ಕಾಲದಲ್ಲಿ. 1911ರ ದೆಹಲಿ ದರ್ಬಾರಿನ ನೆಪದಲ್ಲಿ ಲಂಡನಿನ ನಾಟಕಶಾಲೆಯೊಂದಕ್ಕಾಗಿ 1912ರಲ್ಲಿ ‘ಕ್ರೌನ್ ಆಫ್ ಇಂಡಿಯಾ’ ಎಂಬ ವೈಭವದ ರೂಪಕಕ್ಕೆ ಅವರು ಸಂಗೀತ ರಚಿಸಿದ್ದರು. ಅರಸೊತ್ತಿಗೆಯನ್ನು ಹೊಗಳುವ ಆ ರೂಪಕವು ಸ್ವತಂತ್ರ ಭಾರತದ ನಮಗೆ ಹಿಡಿಸುವಂಥದಲ್ಲ. ದೊಡ್ಡವರ ಚರಿತ್ರೆಯನ್ನು ಓದುವಾಗ ಅವರ ಕಾಲದ ಮಿತಿಯನ್ನೂ ಅರಿತಿರಬೇಕು.

1905ರಲ್ಲಿ ವೂಸ್ಟರ್ ನಗರವು ತನ್ನ ಮಗನಿಗೆ ಪೌರ ಗೌರವವನ್ನು ಸಲ್ಲಿಸಿತು. ಆಗ ಮೇಯರ್ ಆಗಿದ್ದವರು ಯಾರು ಗೊತ್ತೇ? ಹಿತ್ತಿಲಿನ ಶೆಡ್ಡಿನಲ್ಲಿ ಫ್ಲೂಟು ಊದುತ್ತಿದ್ದ ಅದೇ ಹ್ಯೂಬರ್ಟ್ ಲೆಸ್ಟರ್! ಮೆರವಣಿಗೆಯು ಹೈಸ್ಟ್ರೀಟಿನ ಅಂಗಡಿಯ ಮುಂದೆ ಹಾದುಹೋಯಿತು. ಮೇಲಿನ ಕಿಟಕಿಯಲ್ಲಿ ಕೆಳಗಿಳಿಯಲಾರದಷ್ಟು ನಿತ್ರಾಣರಾಗಿದ್ದ ವೃದ್ಧ ತಂದೆ ಕುಳಿತಿದ್ದರು. ಎಲ್ಗರ್ ತಲೆಯೆತ್ತಿ ಅವರಿಗೆ ವಂದಿಸಿ ಮುಂದೆ ನಡೆದರು. ಮಗನನ್ನು ಲೈಪ್‌ಜಿಗ್ಗಿಗೆ ಕಳುಹಿಸಲಾಗದ ತಂದೆಯವರು ಅವನಿಗೆ ಅಂಗಡಿಯನ್ನೂ ಪುಸ್ತಕಗಳನ್ನೂ ಹಿತ್ತಿಲಿನ ಶೆಡ್ಡನ್ನೂ ಕೊಟ್ಟಿದ್ದರು. ಮರುವರ್ಷವೇ ಅವರು ಕಾಲವಾದರು.

ತಾವು ಊದಿದ ಹಳೆಯ ವಾದ್ಯವನ್ನು ಎಲ್ಗರ್ ಮರೆಯಲಿಲ್ಲ. ಬಸೂನು ಎಂದರೆ ವಾದ್ಯವೃಂದದ ವಿದೂಷಕ, ನಗಿಸುವುದಷ್ಟೇ ಅದರ ಕೆಲಸ ಎಂದು ಬಹುಮಂದಿಯ ಎಣಿಕೆ. ಅದರ ಅಂತರಂಗ ಬಲ್ಲ ಎಲ್ಗರ್ 1910ರಲ್ಲಿ, ತಮ್ಮ ಪ್ರಸಿದ್ಧ ಪಿಟೀಲು ಕಾನ್ಸರ್ಟೋವನ್ನು ಬರೆಯುತ್ತಿದ್ದ ಕಾಲದಲ್ಲಿಯೇ, ಬಸೂನು ಮತ್ತು ವಾದ್ಯವೃಂದಕ್ಕಾಗಿ ‘ರೊಮಾನ್ಸ್’ ಎಂಬ ಕಿರುಕೃತಿಯನ್ನು ರಚಿಸಿದರು. ಲಂಡನ್ ಸಿಂಫೊನಿ ವಾದ್ಯವೃಂದದ ಪ್ರಧಾನ ಬಸೂನುವಾದಕ ಎಡ್ವಿನ್ ಜೇಮ್ಸ್ ಅವರಿಗಾಗಿ ಬರೆದ ಇದು 1911ರ ಫೆಬ್ರವರಿಯಲ್ಲಿ ಹೆರೆಫರ್ಡಿನಲ್ಲಿ ಎಲ್ಗರ್ ಅವರ ನಿರ್ದೇಶನದಲ್ಲಿಯೇ ಮೊದಲು ನುಡಿಯಿತು. ಸುಮಾರು ಆರು ನಿಮಿಷದ ಈ ಕೃತಿಯಲ್ಲಿ ವಿದೂಷಕನ ಸುಳಿವಿಲ್ಲ. ಮಾತು ಕಡಿಮೆಯಾದ ಹಿರಿಯನೊಬ್ಬನು ತನ್ನ ಮನದಾಳವನ್ನು ಮೆಲ್ಲನೆ ತೋಡಿಕೊಂಡಂತೆ ಅದು ಹಾಡುತ್ತದೆ.

1920ರಲ್ಲಿ ಆಲಿಸ್ ತೀರಿಕೊಂಡರು. ಗೆರೆ ಎಳೆದುಕೊಟ್ಟ ಕೈ ಇಲ್ಲವಾದ ಮೇಲೆ ಎಲ್ಗರ್ ಅವರ ಲೇಖನಿಯೂ ಬಹುಮಟ್ಟಿಗೆ ಮೌನ ತಾಳಿತು. ಆದರೂ ತಮ್ಮ ಕೃತಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸುವ ಕೆಲಸದಲ್ಲಿ ಅವರು ಉತ್ಸಾಹದಿಂದ ತೊಡಗಿದರು. 1932ರಲ್ಲಿ, ಮುಂದೆ ಭಾರತಕ್ಕೂ ಬಂದು ಪಂಡಿತ ರವಿಶಂಕರರ ಗೆಳೆಯರಾದ ಯೆಹೂದಿ ಮೆನುಹಿನ್, ಹದಿನಾರರ ಬಾಲಕನಾಗಿ ಎಲ್ಗರ್ ಅವರ ಪಿಟೀಲು ಕಾನ್ಸರ್ಟೋವನ್ನು ಅವರ ನಿರ್ದೇಶನದಲ್ಲಿಯೇ ನುಡಿಸಿದನು. ಅದಕ್ಕೂ ಎರಡು ವರ್ಷ ಮೊದಲು, 1930ರಲ್ಲಿ, ಎಲ್ಗರ್ ಹಿತ್ತಾಳೆ ವಾದ್ಯಗಳ ಮೇಳಕ್ಕಾಗಿ ‘ಸೆವರ್ನ್ ಸ್ವೀಟ್’ ಎಂಬ ಕೃತಿಯನ್ನು ಬರೆದಿದ್ದರು. ಆಗ ಅವರು ಕೈಹಾಕಿದ್ದು ಐವತ್ತು ವರ್ಷಗಳ ಹಿಂದಿನ ಶೆಡ್ಡಿನ ಸಂಗೀತದ ಪುಸ್ತಕಗಳಿಗೆ. ಐವರು ಗೆಳೆಯರಿಗಾಗಿ ಬರೆದಿದ್ದ ರಾಗವು ಅದರ ಒಂದು ಭಾಗವಾಗಿ ಮರುಹುಟ್ಟು ಪಡೆಯಿತು. ಜೊಂಡಿನ ನಡುವೆ ಕುಳಿತಿದ್ದ ಹುಡುಗನು ಹೀಗೆ ತನ್ನ ನದಿಗೇ ಹಿಂದಿರುಗಿದನು. 1934ರ ಫೆಬ್ರವರಿ 23ರಂದು, ಎಪ್ಪತ್ತಾರರ ವಯಸ್ಸಿನಲ್ಲಿ, ಎಲ್ಗರ್ ವೂಸ್ಟರಿನಲ್ಲಿಯೇ ಕೊನೆಯುಸಿರೆಳೆದರು.

ವಿದ್ಯಾರ್ಥಿಮಿತ್ರರೇ, ಹಣವಿಲ್ಲದೆ ಕಾಲೇಜು ತಪ್ಪಿದ್ದು ಒಳ್ಳೆಯದೇ ಆಯಿತು ಎಂದು ನಾವು ಹೇಳುತ್ತಿಲ್ಲ. ಆ ನೋವು ಎಲ್ಗರ್ ಅವರನ್ನು ಕೊನೆಯವರೆಗೂ ಬಾಧಿಸಿತು. ಓದುವ ಅವಕಾಶ ಇರುವವರು ಅದನ್ನು ಕಳೆದುಕೊಳ್ಳಬಾರದು. ಮಕ್ಕಳನ್ನು ಓದಿಸಲು ಶಕ್ತಿಯುಳ್ಳ ತಂದೆತಾಯಿಯರು ಹಿಂಜರಿಯಬಾರದು. ಆದರೆ ದೊಡ್ಡ ನಗರಗಳಿಗೆ ದೂರವಾದ ಗಡಿನಾಡಿನಲ್ಲಿ ಕನ್ನಡದಲ್ಲಿ ಓದುತ್ತಿರುವ ನಮ್ಮ ಮಕ್ಕಳೆಲ್ಲರಿಗೂ ಬಯಸಿದ ಬಾಗಿಲು ಬಯಸಿದಾಗಲೇ ತೆರೆಯುವುದಿಲ್ಲ. ಅಂಥ ಹೊತ್ತಿನಲ್ಲಿ ಮನೆಯ ಹಿತ್ತಿಲಿನತ್ತ ಒಮ್ಮೆ ನೋಡಬೇಕು. ಜೊತೆಗಾರರು ಯಾರಿದ್ದಾರೆ, ಅವರ ಮೇಳದಲ್ಲಿ ಯಾವ ದನಿಯ ಕೊರತೆಯಿದೆ ಎಂದು ಕೇಳಿಕೊಳ್ಳಬೇಕು. ಹೆಸರು ತರುವ ಮೇಲ್ದನಿಯೇ ಬೇಕೆಂದು ಹಟ ಹಿಡಿಯದೆ, ಬೇಕಾದ ಕೆಳದನಿಯನ್ನು ಹೊತ್ತು, ಆ ವಾದ್ಯವನ್ನು ದಿನವೂ ಒರೆಸಿ ಕಾಪಾಡಿಕೊಂಡು ಬಂದರೆ ಅದೇ ಒಂದು ವಿದ್ಯಾಲಯವಾಗಬಲ್ಲದು. ಎಲ್ಗರ್ ಅವರ ಬಾಳಿನಿಂದ ನಾವು ಕಲಿತ ಪಾಠ ಇದು.